ಮನೆಮಂದಿ ಸಮೇತ ಆಕ್ಸಿಜನ್

ಯಾರಾದರೂ ಒಂದು ಲೋಟ ನೀರು ಕೊಟ್ಟರೆ ಕುಡಿಯುವ ಮುಂಚೆ ಅದರತ್ತ ಒಂದು ಕ್ಷಣ ಕೃತಜ್ಞತೆಯಿಂದ ನೋಡುವ ಅಭ್ಯಾಸ ನನಗಿದೆ. ಒಂದು ಕಾಲದಲ್ಲಿ ಇದೇ ನೀರನ್ನು ನಾನು ಕಾಗದದ ಮೇಲೆ ಎಷ್ಟೋ ಬಗೆಯಲ್ಲಿ ಕೆಡಿಸಿದ್ದೇನೆ. ಆದರೂ ಅದು ಮುನಿಸಿಕೊಳ್ಳದೆ ಇಂದಿಗೂ ನನ್ನ ಬಾಯಾರಿಕೆ ಹಿಂಗಿಸುತ್ತಿದೆ. ಇಂಥ ದೊಡ್ಡ ಗುಣ ಮನುಷ್ಯರಲ್ಲಿ ಅಪರೂಪ.

ಎಪ್ಪತ್ತರ ದಶಕದ ಮಾತು. ಕುಂದಗೋಳದಿಂದ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಪಿಯುಸಿ ಓದುತ್ತಿದ್ದ ನಾನು ಕೆಮಿಸ್ಟ್ರಿಯಲ್ಲಿ ನಪಾಸಾದೆ. ‘ಒಂದೇ ವಿಷಯದಲ್ಲಿ’ ಎಂದು ಎಲ್ಲರಿಗೂ ಒತ್ತಿ ಹೇಳುತ್ತಿದ್ದೆ. ಆ ಒತ್ತು ಕೇಳಿದವರಿಗೆ ಅದು ಬಹುಮಾನದ ಸುದ್ದಿಯಂತೆ ತೋರಬೇಕಿತ್ತು. ಅಪ್ಪನಿಗೆ ಹಾಗೆ ತೋರಲಿಲ್ಲ.

“ಅಕ್ಟೋಬರ್‌ಕ ಇನ್ನೊಂದ ಸಲ ಕಟ್ಟು. ಆಗಲೂ ಆಗಲಿಲ್ಲಂದ್ರ ಅಣ್ಣಿಗೇರಿಗೆ ಹೋಗಿ ನಿಮ್ಮ ಕಾಕಾನ ಅಂಗಡ್ಯಾಗ ಕುಂದ್ರು,” ಅಂದರು.

ಅಪ್ಪನ ತಮ್ಮನಾದ ಕಾಕಾನದು ಹತ್ತಿ ವ್ಯಾಪಾರ. ಹತ್ತಿಯ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಆದರೆ ಧಾರವಾಡಕ್ಕೆ ಹೋಗಿ ಬಿ.ಎಸ್ಸಿ. ಮಾಡುತ್ತೇನೆಂದು ಓಣಿಯ ತುಂಬ ಸಾರಿಬಿಟ್ಟಿದ್ದೆ. ಸಾರಿದ ಮಾತಿಗಾಗಿಯಾದರೂ ನಾನು ವಿಜ್ಞಾನಿಯಾಗಲೇಬೇಕಿತ್ತು.

ಅದೃಷ್ಟಕ್ಕೆ ಇನ್ನಿಬ್ಬರು ಗೆಳೆಯರೂ ಇದೇ ವಿಷಯದಲ್ಲಿ ಬಿದ್ದಿದ್ದರು. ಒಬ್ಬ ನಮ್ಮ ಓಣಿಯ ಗಂಗಾಧರ. ಪುಸ್ತಕವಿಡೀ ಅವನಿಗೆ ಬಾಯಿಪಾಠ. ಏನು ಕೇಳಿದರೂ ಅದು ಯಾವ ಪುಟದಲ್ಲಿದೆ ಎಂದು ಹೇಳುತ್ತಿದ್ದ. ಅಲ್ಲಿ ಏನಿದೆ ಎಂಬುದು ಅವನ ಖಾತೆಯಲ್ಲ. ಇನ್ನೊಬ್ಬ ಕುಬಿಹಾಳದಿಂದ ಸೈಕಲ್ ತುಳಿದು ಬರುತ್ತಿದ್ದ ಯಲ್ಲಪ್ಪ. ಅವನದು ತದ್ವಿರುದ್ಧ ರೋಗ. ತಿಳಿಯುವವರೆಗೆ ಯಾವುದನ್ನೂ ಬಿಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯನ್ನು ಪೂರ್ತಿ ತಿಳಿದುಕೊಳ್ಳುವಷ್ಟರಲ್ಲಿ ಕೊನೆಯ ಗಂಟೆ ಹೊಡೆದಿತ್ತು. ಮೂರನೆಯವನಾದ ನನ್ನ ಅರ್ಹತೆ ಎಂದರೆ ನನ್ನ ಅಕ್ಷರ. ತಪ್ಪು ಉತ್ತರ ಕೂಡ ನನ್ನ ಕೈಯಲ್ಲಿ ಚಿತ್ತಾರದಂತೆ ಮೂಡುತ್ತಿತ್ತು. ಅದರ ಜೊತೆಗೆ ನಮ್ಮ ಮನೆಗೊಂದು ವಿಶಾಲವಾದ ಮಣ್ಣಿನ ಮಾಳಿಗೆ, ಹಾಸಲು ಒಂದು ನವಲಗುಂದದ ಜಮಖಾನೆ. ವಿದ್ಯಾಪೀಠಗಳು ಇದಕ್ಕಿಂತ ಕಡಿಮೆ ಬಂಡವಾಳದಲ್ಲಿ ಆರಂಭವಾಗಿವೆ.

ದಿನಾ ಮುಂಜಾನೆ ಬಿಸಿಲು ಚುರುಗುಟ್ಟುವವರೆಗೆ ಮಾಳಿಗೆಯ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿದ್ದೆವು. ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಕಿವಿ ಸ್ವಲ್ಪ ಮಂದ. ನಾವು ಗಳಿಗೆಗೊಮ್ಮೆ ‘ಸಮೀಕರಣ, ಸಮೀಕರಣ’ ಎನ್ನುವುದು ಅವಳಿಗೆ ಶೀಕರಣಿ, ಅಂದರೆ ಬಾಳೆಹಣ್ಣಿನ ರಸಾಯನ, ಎಂದೇ ಕೇಳಿಸುತ್ತಿತ್ತು. ಒಂದು ದಿನ ಕೆಳಗಿನಿಂದ ಕೂಗಿದಳು: “ಬಾಳಿಹಣ್ಣ ಎಲ್ಲಿ ತಂದ್ರೋ? ನನಗೂ ಒಂದ ವಾಟಗಾ ಕಳಸ್ರೆಪಾ!” ಕಳಿಸಲು ನಮ್ಮ ಬಳಿ ಸೋಡಿಯಂ ಕ್ಲೋರೈಡ್ ಬಿಟ್ಟರೆ ಬೇರೇನೂ ಇರಲಿಲ್ಲ, ಅದೂ ಕಾಗದದ ಮೇಲೆ.

ಆಯಿಯ ಶೀಕರಣಿಗೆ ಇದ್ದ ರುಚಿ ನಮ್ಮ ಸಮೀಕರಣಕ್ಕೆ ಇರಲಿಲ್ಲ. ಬಾಣದ ಗೆರೆಯ ಎಡಕ್ಕೆ ಎಷ್ಟು ಪರಮಾಣುಗಳಿವೆಯೋ ಬಲಕ್ಕೂ ಅಷ್ಟೇ ಇರಬೇಕು. ಎಷ್ಟು ಸಭ್ಯವಾದ ನಿಯಮ! ಆದರೆ ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿ ನೀರಾಗುವಲ್ಲಿ ಎಡಕ್ಕೆ ಎರಡು ಆಕ್ಸಿಜನ್, ಬಲಕ್ಕೆ ಒಂದೇ. ನಾನು ಹಿಂದುಮುಂದು ನೋಡದೆ ನೀರಿನ ‘ಎಚ್-ಟೂ-ಓ’ ಎಂಬುದರ ಬಾಲಕ್ಕೆ ಇನ್ನೊಂದು ‘ಟೂ’ ಅಂಟಿಸಿದೆ. ಲೆಕ್ಕ ಸರಿಹೋಯಿತು. ಆದರೆ ಹಾಗೆ ತಯಾರಾದದ್ದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಎಂಬ ಗಾಯ ತೊಳೆಯುವ ಔಷಧಿ.

“ಪುಟ ಅರವತ್ತೆರಡು,” ಎಂದ ಗಂಗಾಧರ, ಸಹಾಯ ಮಾಡುವ ಧಾಟಿಯಲ್ಲಿ.

ಯಲ್ಲಪ್ಪ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡ. “ಲೇ, ನಿಮ್ಮ ಮನ್ಯಾಗ ಲಗ್ನ ಐತಿ ಅಂತ ತಿಳಕೊ. ನಮ್ಮನ್ನ ಕರ್ಯಾಕ ಕುಬಿಹಾಳಕ್ಕ ಬಂದಿ. ಏನಂತಿ?”

“ಲಗ್ನಕ್ಕ ಬರ್ರಿ ಅಂತೀನಿ.”

“ಅಷ್ಟ ಅಂದ್ರ ನಮ್ಮಪ್ಪ ಒಬ್ಬನ ಬಂದು ಉಂಡು ಹೋಗ್ತಾನ. ನಮ್ಮವ್ವ ಮನ್ಯಾಗ ರೊಟ್ಟಿ ಬಡಕೋತ ಕುಂದರ್ತಾಳ. ಎಲ್ಲಾರೂ ಬರಬೇಕಂದ್ರ?”

“ಮನ್ಯಾಗ ಒಲಿ ಹಚ್ಚಬ್ಯಾಡ್ರಿ ಅಂತೀನಿ.”

“ಹಾಂ! ಆಕ್ಸಿಜನ್ ಅಂದ್ರ ಹಂತಾ ಮನಿ. ಕರದ್ರ ಇಬ್ಬರೂ ಬರ್ತಾರ, ಒಬ್ಬನ್ನ ಕರ್ಯಾಕ ಬರೂದಿಲ್ಲ. ನೀ ಏನ ಮಾಡಿದಿ? ಒಬ್ಬ ಹೆಚ್ಚಾದಾಂತ ಅವನ್ನ ಒಯ್ದು ಬಾಜೂ ಮನ್ಯಾಗ ತುರುಕಿದಿ. ಆ ಮನಿ ಹಾಳಾತು. ಮನಿ ಒಳಗ ಕೈ ಹಾಕಬ್ಯಾಡ ಲೇ. ಎಷ್ಟ ಮನಿ ಕರೀಬೇಕು, ಅಷ್ಟ ಹೇಳು.”

ನಮ್ಮ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇತರರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಲಗ್ನದ ಕರೆ ಹಲವು ತರಹ. ‘ಬರ್ರಿ’ ಎಂದರೆ ಮನೆಗೊಬ್ಬರು. ‘ಒಲಿ ಹಚ್ಚಬ್ಯಾಡ್ರಿ’ ಎಂದರೆ ಮುದುಕರಿಂದ ತೊಟ್ಟಿಲ ಕೂಸಿನವರೆಗೆ. ಅಕ್ಷರದ ಕೆಳಗಿನ ಸಣ್ಣ ಅಂಕಿ ಆ ಮನೆಯಲ್ಲಿರುವ ಮಂದಿ. ಅದು ದೇವರು ಕೊಟ್ಟದ್ದು, ನಾವು ತಿದ್ದುವಂತಿಲ್ಲ. ಮುಂದಿನ ದೊಡ್ಡ ಅಂಕಿ ಎಷ್ಟು ಮನೆ ಎಂಬುದು. ಅದು ಕರೆಯುವವನ ಕೈಯಲ್ಲಿದೆ. ಹೈಡ್ರೋಜನ್ನಿನ ಎರಡು ಮನೆ, ಆಕ್ಸಿಜನ್ನಿನ ಒಂದು ಮನೆ ಕರೆದರೆ ನೀರಿನ ಎರಡು ಸಂಸಾರ ಹೂಡಬಹುದು. ಯಾರೂ ಉಪವಾಸವಿಲ್ಲ, ಯಾರೂ ಹೆಚ್ಚಿಲ್ಲ. ನೀರಿನಲ್ಲಿ ಹೈಡ್ರೋಜನ್ ಒಂದೋ ಎರಡೋ ಎಂದು ಯುರೋಪಿನ ಪಂಡಿತರು ಬಹುಕಾಲ ಕಚ್ಚಾಡಿದರಂತೆ. ಪಾಪ, ಅವರ ಊರಿನಲ್ಲಿ ಮನೆಮಂದಿಯನ್ನು ಎಣಿಸದೆ ಅಂಚೆಯಲ್ಲಿ ಕಾಗದ ಹಾಕಿ ಲಗ್ನಕ್ಕೆ ಕರೆಯುತ್ತಿದ್ದಿರಬೇಕು.

ಅಂದಿನಿಂದ ನಮ್ಮ ಮಾಳಿಗೆಯ ಮೇಲೆ ಲಗ್ನದ ಸುಗ್ಗಿ. ಲೋಹಗಳೆಲ್ಲ ಒಬ್ಬಂಟಿಗರಾಗಿ ಬಂದವು. ಹೀಲಿಯಂಗೆ ಕರೆಯೇ ಹೋಗಲಿಲ್ಲ, ಅದು ಸನ್ಯಾಸಿ. ಗಂಗಾಧರ ಪ್ರಶ್ನೆಯ ಇಂಗ್ಲಿಷನ್ನು ಬಿಡಿಸುವನು, ಯಲ್ಲಪ್ಪ ಅದರ ಒಳಗುಟ್ಟನ್ನು ಬಿಡಿಸುವನು, ನಾನು ಇಬ್ಬರ ಪಾಂಡಿತ್ಯವನ್ನೂ ಸುಂದರವಾಗಿ ಬರೆಯುವೆನು. ಯಲ್ಲಪ್ಪ ಒಂದೇ ಪ್ರಶ್ನೆಗೆ ಜೋತುಬಿದ್ದರೆ ಗಂಗಾಧರ, “ಏಳಲೇ, ಈ ಮನ್ಯಾಗ ಊಟ ಮುಗೀತು, ಮುಂದಿನ ಮನಿಗೆ ಹೋಗೂಣು,” ಎಂದು ಎಬ್ಬಿಸುತ್ತಿದ್ದ.

ಮಳೆಗಾಲದ ನಡುವೆ ಒಮ್ಮೆ ನಾವು ಬಿಡಿಸಿದ ಪತ್ರಿಕೆಯೊಂದನ್ನು ಹುಬ್ಬಳ್ಳಿಯ ನಮ್ಮ ಸರ್‌ಗೆ ತೋರಿಸಲು ಹೋದೆವು. ಅನಿಲ ಉರಿಯುವ ಒಂದು ಸಮೀಕರಣದ ಕೆಳಗೆ, ‘ಕಾರಣ ಕೊಡಿ’ ಎಂದಿದ್ದಲ್ಲಿ, ನಮ್ಮ ಸಿದ್ಧಾಂತವನ್ನು ಗಂಗಾಧರ ಇಂಗ್ಲಿಷಿಗೆ ತಿರುಗಿಸಿದ್ದ. ನಾನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿದ್ದೆ: ಆಕ್ಸಿಜನ್ ಸಹಕುಟುಂಬ ಬರುತ್ತದೆ, ಆದಕಾರಣ ಒಲೆ ಹಚ್ಚುವುದಿಲ್ಲ. ಸರ್ ಅದನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಯಾರದಿದು?”

ಗಂಗಾಧರ ನನ್ನತ್ತ ನೋಡಿದ, ನಾನು ಯಲ್ಲಪ್ಪನತ್ತ, ಯಲ್ಲಪ್ಪ ತೊಲೆಯತ್ತ. ಕೊನೆಗೆ ಅವನೇ ಎಲ್ಲವನ್ನೂ ವಿವರಿಸಿದ.

“ಅಲ್ರೋ,” ಎಂದರು ಸರ್, “ಆಕ್ಸಿಜನ್ ಬಂದ್ರ ಒಲಿ ಧಗಧಗ ಉರೀಬೇಕು. ನೀವು ಅದು ಬರ್ತದಂತ ಒಲೀನ ಆರಿಸಿ ಕೂತೀರಲ್ಲ!” ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ಉಳಿದ ಉತ್ತರಗಳನ್ನು ನೋಡುತ್ತ ನೋಡುತ್ತ ನಗು ನಿಂತಿತು. “ಲೆಕ್ಕ ಎಲ್ಲಾ ಬರೋಬ್ಬರಿ ಅದ. ಲಗ್ನ ಮನಸಿನ್ಯಾಗ ಮಾಡ್ರಿ, ಪೇಪರಿನ್ಯಾಗ ಬರೀಬ್ಯಾಡ್ರಿ,” ಎಂದರು.

ಅಕ್ಟೋಬರ್ ಬಂತು. ಪ್ರಶ್ನೆಪತ್ರಿಕೆಯಲ್ಲಿ ಅಲ್ಯೂಮಿನಿಯಂ ಮತ್ತು ಆಕ್ಸಿಜನ್. ಕೂಡಿದರೆ ಆಗುವ ಮನೆಯಲ್ಲಿ ಅಲ್ಯೂಮಿನಿಯಂ ಇಬ್ಬರು, ಆಕ್ಸಿಜನ್ ಮೂವರು. ಆಕ್ಸಿಜನ್ ಜೋಡಿಯಾಗಿಯೇ ಬರುವುದು, ಬೇಕಾದದ್ದು ಮೂವರು. ಮೇಜಿನ ಆಚೆ ಅಣ್ಣಿಗೇರಿಯ ಹತ್ತಿ ಮೂಟೆಗಳು ನನಗೆ ಸ್ಪಷ್ಟವಾಗಿ ಕಂಡವು. ಕೈ ತನ್ನಷ್ಟಕ್ಕೆ ಸಣ್ಣ ಅಂಕಿಯತ್ತ ಸರಿಯಿತು. ಮನೆಯೊಳಗೆ ಕೈ ಹಾಕಬೇಡ ಎಂದು ಒಳಗಿನಿಂದ ಯಾರೋ ಗದರಿದರು. ಹಾಗಾದರೆ ಎರಡು ಹೊಸ ಮನೆ ಕಟ್ಟಿದರೆ? ಆಕ್ಸಿಜನ್ ಆರು ಮಂದಿ, ಅಂದರೆ ಮೂರು ಮನೆ. ಅಲ್ಯೂಮಿನಿಯಂ ನಾಲ್ವರು ಒಬ್ಬಂಟಿಗರು. ಮುಗಿಯಿತು!

ಹೊರಗೆ ಬಂದೊಡನೆ ಯಲ್ಲಪ್ಪ ಕೇಳಿದ: “ಎಷ್ಟ ಮನಿ?”

“ನಾಕು, ಮೂರು, ಎರಡು.”

“ನಂದೂ ಅಷ್ಟ. ಕಡೀ ಪ್ರಶ್ನೆದ ಮಟಾ ಬರದೇನಿ ಲೇ!”

ಗಂಗಾಧರನದೂ ಅಷ್ಟೇ; ಈ ಸಲ ಅವನು ಪುಟದ ಸಂಖ್ಯೆ ಹೇಳಲಿಲ್ಲ. ನಾವು ಮೂವರು ನಡುರಸ್ತೆಯಲ್ಲಿ ಮನೆಗಳ ಲೆಕ್ಕ ಹಾಕಿ ಕುಣಿಯುವುದನ್ನು ನೋಡಿ ಬೀಡಾ ಅಂಗಡಿಯವ, “ಯಾರ ಲಗ್ನಾರೀ?” ಎಂದು ವಿಚಾರಿಸಿದ.

ಫಲಿತಾಂಶದ ಪತ್ರಿಕೆ ಬಂದ ದಿನ ಅಪ್ಪ ಅಂಕಿಗಳ ಮೇಲೆ ಬೆರಳಿಟ್ಟು ನನ್ನ ನಂಬರು ಹುಡುಕಿದರು. ಸಿಕ್ಕಿತು. “ಆ ಇಬ್ಬರವು ಎಷ್ಟು?” ಎಂದರು. ಹೇಳಿದೆ. ಬೆರಳು ಮತ್ತೆ ಸಾಲುಗಳ ಮೇಲೆ ಇಳಿಯಿತು. ನನ್ನ ನಂಬರಿಗಿಂತ ನಿಧಾನವಾಗಿ, ಹೆಚ್ಚು ಕಾಳಜಿಯಿಂದ. ಎರಡೂ ಸಿಕ್ಕವು. ಆಗ ಬೆರಳು ಎತ್ತಿದರು.

ಮರುದಿನ ನನ್ನನ್ನು ಕರೆದೊಯ್ಯುವ ಸಿದ್ಧತೆಯಲ್ಲೇ ಕಾಕಾ ಬಂದ. “ಅಣ್ಣಾ, ಏನಾತು ಹುಡುಗಂದು?”

“ನಮ್ಮ ಹುಡುಗರು ಪಾಸಾದ್ರು,” ಎಂದರು ಅಪ್ಪ.

“ಹುಡುಗರು? ನಿನಗಿರಾವ ಒಬ್ಬನ ಅಲ್ಲೇನು?”

ಅಪ್ಪ ಕಪ್ಪಿನ ಚಹಾ ಬಸಿಗೆ ಸುರಿದುಕೊಂಡರು.

ಆಮೇಲೆ ಬಿ.ಎಸ್ಸಿ.ಯೂ ಆಯಿತು, ಹೊಗಳಿಕೆಯೂ ಅಷ್ಟಿಷ್ಟು ಬಂತು. ಆದರೆ ಆ ಒಂದು ‘ರು’ ಪ್ರತ್ಯಯದಷ್ಟು ಎದೆಯುಬ್ಬಿಸಿದ್ದು ಯಾವುದೂ ಇಲ್ಲ. ಬಹುವಚನವನ್ನು ಲೆಕ್ಕಕ್ಕೂ ಬಳಸುತ್ತಾರೆ, ಗೌರವಕ್ಕೂ ಬಳಸುತ್ತಾರೆ ಎನ್ನುತ್ತದೆ ವ್ಯಾಕರಣ. ಅಪ್ಪ ಬಳಸಿದ್ದು ಯಾವುದಕ್ಕೆ ಎಂದು ನಾನು ಕೇಳಲು ಹೋಗಲಿಲ್ಲ. ಕೇಳಿದ್ದರೆ ಎರಡರಲ್ಲಿ ಒಂದನ್ನು ಕಳೆದುಕೊಳ್ಳುತ್ತಿದ್ದೆ.