ಭಾವನ ತೊಡೆಯ ಮೇಲಿನ ತಾಳ

ನಮ್ಮ ಭಾವ ಮೈಸೂರಿನವರು. ಈಗ ಅಮೆರಿಕದ ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನಲ್ಲಿ ಡಾಕ್ಟರು, ಹ್ಯೂಸ್ಟನ್ ಕನ್ನಡ ಸಂಘದ ವೇದಿಕೆಗೆ ಕಾವಲುಗಾರರು. ಸಿನಿಮಾ ಹಾಡು ಅವರ ಲೆಕ್ಕದಲ್ಲಿ ಸಂತೆ ಸರಕು. ಅದನ್ನು ಕೇಳುವವರಿಗೆ ಶಾಸ್ತ್ರೀಯ ಸಂಗೀತ ಹಾಡುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

"ಡ್ಯಾಲಸ್ ಸಂಘದವರು ಕೆಟ್ಟಿದ್ದೇ ಸಿನಿಮಾ ಹಾಡಿಂದ. ಹ್ಯೂಸ್ಟನ್ ನಾನಿರೋವರ್ಗೂ ಕೆಡಲ್ಲ" ಎನ್ನುತ್ತಿದ್ದರು.

ಈ ವರ್ಷ ರಾಜ್ಯೋತ್ಸವಕ್ಕೆಂದು ನನ್ನ ಮಗಳು ಗೆಳತಿಯರ ಜೊತೆ ಒಂದು ಸಿನಿಮಾ ಹಾಡಿಗೆ ಕುಣಿತ ಕಲಿತಿದ್ದಳು. ಬೇಸಿಗೆಯೆಲ್ಲ ನಮ್ಮ ಗ್ಯಾರೇಜಿನಲ್ಲಿ ಅದೇ ಧಿಮಿ ಧಿಮಿ. ಭಾವ ಒಪ್ಪದಿದ್ದರೆ ಎಲ್ಲ ನೀರಲ್ಲಿ ಹೋಮ. ಅವರನ್ನು ಮೆತ್ತಗೆ ಮಾಡಲು ನಾನೊಂದು ಉಪಾಯ ಹೂಡಿದೆ. ಒಳ್ಳೆಯ ಸಂಗೀತ ಕೇಳಿ ಖುಷಿಯಲ್ಲಿದ್ದಾಗ ಮಾತೆತ್ತೋಣವೆಂದು, ಡೌನ್‌ಟೌನಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾ ಕಛೇರಿಗೆ ಕರೆದುಕೊಂಡು ಹೋದೆ.

ಭಾವ ಜರಿಯಂಚಿನ ಶಲ್ಯ ಹೊದ್ದು ಬಂದರು. ಪಿಟೀಲುಗಳ ಸಾಲು ನೋಡಿಯೇ ಹಿಗ್ಗಿದರು. ನಿಧಾನದ ಭಾಗ ಶುರುವಾಯಿತು. ಅವರ ಬಲಗೈ ತಾನಾಗಿ ಎದ್ದು ತೊಡೆಯ ಮೇಲೆ ಪಟ್ ಎಂದು ಬಿತ್ತು, ಬೆರಳುಗಳು ಎಣಿಕೆಗೆ ಇಳಿದವು. ಒಂದು ತಿರುವಿಗೆ "ಭೇಷ್!" ಎಂದೂ ಅಂದುಬಿಟ್ಟರು. ಮುಂದಿನ ಸಾಲಿನ ಮುದುಕಿ ತಿರುಗಿ "ಶ್ಶ್!" ಎಂದಳು. ಎರಡನೆಯ ಸಲ ಸಭಾಂಗಣದ ಸಿಬ್ಬಂದಿಯವನೇ ಬಂದು ಬಗ್ಗಿ ಏನೋ ಪಿಸುಗುಟ್ಟಿದ. ಭಾವ ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡು ಕೊನೆಯವರೆಗೂ ಅದರ ಮೇಲೇ ಕೂತರು. ನನಗೆ ನಗು ತಡೆಯಲಾಗಲಿಲ್ಲ, ಪಾಪ ಅಂತಲೂ ಅನ್ನಿಸಿತು.

ಕಾರು ಹತ್ತಿದ್ದೇ ಭಾವ ಸಿಡಿದರು.

"ಇದೇನೇ, ಸಂಗೀತ ಕೇಳೋ ರೀತಿನಾ ಇದು? ಗೊಂಬೆಗಳ ಥರ ಕೂತ್ಕೊಂಡು?"

"ಅವರ ಕಣ್ಣಿಗೆ ನಾವೇ ಕೋಣ, ಭಾವ" ಎಂದೆ. ಕಬ್ಬಿಣ ಕಾದಿತ್ತು. "ಮಕ್ಕಳ ಡಾನ್ಸಿಗೆ ಏನಂತೀರಿ?"

ಸಿಗ್ನಲ್ ಹಸಿರಾದ ಮೇಲೆ ಉತ್ತರ ಬಂತು. "ಮಾಡ್ಕೊಳ್ಳಿ. ಶಿಳ್ಳೆ ಗಿಳ್ಳೆ ಹೊಡೆಯೋ ಹಾಗಿಲ್ಲ."

ರಾಜ್ಯೋತ್ಸವದ ದಿನ ಪರದೆ ಎದ್ದದ್ದೇ ತಡ, ಶಿಳ್ಳೆ ಬಿದ್ದವು. ಹಿಂದಿನ ಸಾಲಿನಲ್ಲಿ ಆಸ್ಟಿನ್‌ನಿಂದ ಬಂದ ಸ್ಟೂಡೆಂಟುಗಳು ಎದ್ದೇ ಕುಣಿದರು. ಹೆತ್ತ ಮಗಳು ವೇದಿಕೆಯ ಮೇಲಿದ್ದರೂ ನನ್ನ ಕಣ್ಣೆಲ್ಲ ಪಕ್ಕದಲ್ಲಿ ಕೂತ ಭಾವನ ಬಲಗೈ ಮೇಲೆ. ಮೊದಲು ಅದು ಶಲ್ಯದೊಳಗೆ ಇತ್ತು. ಪಲ್ಲವಿ ಎರಡನೆಯ ಸಲ ಬಂದಾಗ ಹೊರಗೆ ಇಣುಕಿತು. ಆಮೇಲೆ ತೊಡೆಯ ಮೇಲೆ ಪಟ್!

ನಾನು ಬಾಗಿ ಅವರ ಕಿವಿಯ ಹತ್ತಿರ "ಶ್ಶ್!" ಎಂದೆ.

ಭಾವ ತಿರುಗಿಯೂ ನೋಡಲಿಲ್ಲ. "ಸುಮ್ನಿರೇ. ಮಕ್ಕಳು ತಾಳ ತಪ್ತಾ ಇದಾರೆ. ನಾನೂ ಬಿಟ್ರೆ ಇನ್ಯಾರು ಹಾಕ್ತಾರೆ?" ಎಂದು ಇನ್ನೂ ಜೋರಾಗಿ ಬಡಿದರು.