ಮರ್ಕ್ಯುರಿ ಗಾಗಲ್ ಮತ್ತು ನನ್ನ ಎಡಗಣ್ಣು

ತನ್ನ ಮದುವೆಯ ದಿನ ಸಭಾಂಗಣದ ಪರದೆಯ ಮೇಲೆ ತೋರಿಸಲು ಮಗಳು ಹಳೆಯ ಫೋಟೊಗಳನ್ನು ಆರಿಸುತ್ತಿದ್ದಳು. ನಾಗಪುರದ ನಮ್ಮ ಮನೆಯ ನೆಲದ ತುಂಬ ಆಲ್ಬಮ್‌ಗಳು. ಅರ್ಧ ಗಂಟೆಯಾದ ಮೇಲೆ ತಲೆ ಎತ್ತಿದಳು.

“ಮಮ್ಮಿ, ನಿನ್ನ ಕಣ್ಣು ಕಾಣೋ ಏಕ್ ಭೀ ಫೋಟೊ ಇಲ್ಲೇನ? ಎಲ್ಲಾದ್ರಾಗೂ ಗಾಗಲ್!”

ಇರಲಿಲ್ಲ. ಇಲ್ಲದಂತೆ ನಾನೇ ಮೂವತ್ತು ವರ್ಷ ಜೋಪಾನವಾಗಿ ನೋಡಿಕೊಂಡಿದ್ದೆ. ಗಾಗಲ್ ಇಲ್ಲದ ನಮ್ಮ ಮದುವೆಯ ಫೋಟೊಗಳಲ್ಲೂ ತಲೆ ತಗ್ಗಿಸಿಯೇ ಕೂತಿದ್ದೆ. ನನ್ನದು ಮೆಳ್ಳಗಣ್ಣು. ಬಲಗಣ್ಣು ನೆಟ್ಟಗೆ ನೋಡುವಾಗ ಎಡಗಣ್ಣು ತನ್ನ ಪಾಡಿಗೆ ಎಡಕ್ಕೆ ಜಾರುತ್ತದೆ. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ‘ನೀನು ಏಳು’ ಎಂದರೆ ಇಬ್ಬರು ಏಳುತ್ತಿದ್ದರು. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ದೊಡ್ಡವರ ಮುಂದೆ, ಅದರಲ್ಲೂ ಕ್ಯಾಮೆರಾದ ಮುಂದೆ, ಆ ನಗು ಬರುತ್ತಿರಲಿಲ್ಲ.

ಮೊದಲ ಗಾಗಲ್ ಬಂದದ್ದು ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ. ಗಂಡ ವಾಯುಸೇನೆಯಲ್ಲಿ ವಿಮಾನ ರಿಪೇರಿಯ ಕೆಲಸದಲ್ಲಿದ್ದರು. ಒಂದು ಸಂಜೆ ಬರ್ಡಿ ಬಜಾರಿನಿಂದ ತಂದು, ಏನೂ ಹೇಳದೆ ನನ್ನ ಕೈಯಲ್ಲಿಟ್ಟರು. ಊರಲ್ಲಿ ನಾವು ಕೂಲಿಂಗ್ ಗ್ಲಾಸ್ ಅನ್ನುತ್ತಿದ್ದೆವು. ಇಲ್ಲಿ ಅದು ಗಾಗಲ್, ಕನ್ನಡಿಯ ಹಾಗೆ ಹೊಳೆದರೆ ಮರ್ಕ್ಯುರಿ ಗಾಗಲ್. ಹೆಸರಿಗಷ್ಟೇ ಪಾದರಸ. ಇದ್ದದ್ದು ಬೂದು ಗಾಜಿನ ಮೇಲೆ ಬೆಳ್ಳಿ ಬಣ್ಣದ ತೆಳ್ಳನೆಯ ಲೋಹದ ಲೇಪ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಕಣ್ಣುಗಳೇ ಇರಲಿಲ್ಲ. ಓಹೋ, ಮುಚ್ಚಿಕೋ ಅಂತ ಕೊಟ್ಟಿದ್ದಾರೆ ಎಂದುಕೊಂಡೆ. ಕಪಾಳಕ್ಕೆ ಹೊಡೆದಂತಾಯಿತು. ಆದರೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನಾಗಪುರದ ಬಿಸಿಲು ನನಗೆ ಮಾಡಿದ ಉಪಕಾರ ದೊಡ್ಡದು. ಬೇಸಿಗೆಯಲ್ಲಿ ಸ್ಕೂಟರಿನ ಮೇಲೆ ಹೋಗುವ ಹೆಂಗಸರೆಲ್ಲ ಮುಖಕ್ಕೆ ದುಪಟ್ಟಾ ಸುತ್ತಿ ಗಾಗಲ್ ಏರಿಸಿರುತ್ತಾರೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಉಳಿದ ತಿಂಗಳುಗಳಿಗೆ ನಾನು ತಲೆನೋವಿನ ನೆಪ ಇಟ್ಟುಕೊಂಡಿದ್ದೆ. ಆ ಗಾಗಲಿನದು ಒಂದೇ ಕಾಟ. ಬೆನ್ನ ಹಿಂದಿನಿಂದ ಬೆಳಕು ಬಿದ್ದರೆ ಗಾಜಿನ ಒಳಮೈಯಲ್ಲಿ ನನ್ನ ಕಣ್ಣೇ ನನಗೆ ಕಾಣುತ್ತಿತ್ತು. ಊರಿಗೆಲ್ಲ ಮುಚ್ಚಿಟ್ಟದ್ದನ್ನು ನನಗೊಬ್ಬಳಿಗೆ ತೋರಿಸುತ್ತಿತ್ತು, ಹಾಳಾದ್ದು.

ಎರಡು ವರ್ಷಕ್ಕೆ ಅದು ಮಂಕಾಯಿತು. ನಾದಿನಿಯ ಮದುವೆ ಹತ್ತಿರ ಬಂದಿತ್ತು. ಬೆಳ್ಳಿಯ ಆರತಿ ತಟ್ಟೆಗೆ ಮಾಡುವಂತೆ ವಿಭೂತಿ ಹಚ್ಚಿ ಚೆನ್ನಾಗಿ ತಿಕ್ಕಿದೆ. ತಟ್ಟೆಯದಾದರೆ ಕೊಳೆ ಹೋಗುತ್ತದೆ, ಇದರದ್ದು ಬೆಳ್ಳಿಯೇ ಹೋಯಿತು. ಎಡಗಡೆಯ ಗಾಜಿನ ನಟ್ಟನಡುವೆ ಕುಂಕುಮದ ಬೊಟ್ಟಿನಗಲ ಲೇಪ ಎದ್ದು, ಅಲ್ಲಿಂದ ಎಡಗಣ್ಣು ಇಣುಕುತ್ತಿತ್ತು. “ಕಣ್ಣು ಕಾಣಸತೈತ್ರೀ” ಎಂದು ಗಂಡನ ಮುಂದೆ ಗೊಳೋ ಎಂದು ಅತ್ತೆ. ಅವರು ನನ್ನನ್ನೇ ನೋಡಿದರು. ಮರುದಿನ ನೀಲಿ ಮರ್ಕ್ಯುರಿ ತಂದುಕೊಟ್ಟರು.

ಆಮೇಲೆ ಹಸಿರು ಬಂತು, ಕಿತ್ತಳೆ ಬಂತು. ಗಾಜು ಹೋಗಿ ಪ್ಲಾಸ್ಟಿಕ್ ಬಂದು ಮೂಗಿನ ಮೇಲಿನ ಭಾರ ಇಳಿಯಿತು. ಒಂದು ಪದರದ ಬೆಳ್ಳಿಯ ಬದಲು ಪದರದ ಮೇಲೆ ಪದರ ಹಾಕಿ ಬೇಕಾದ ಬಣ್ಣ ಹೊಳೆಯಿಸುತ್ತಾರಂತೆ. ಹೊರಗೆ ನೀಲಿ ಹೊಳೆದರೂ ಒಳಗಿನಿಂದ ನನಗೆ ಲೋಕ ಕಂದು ಬಣ್ಣವಾಗಿಯೇ ಕಾಣುತ್ತಿತ್ತು. ಬಣ್ಣವೆಲ್ಲ ಎದುರಿಗಿದ್ದವರ ಪಾಲಿಗೆ. ಅಗ್ಗದವು ಬೆವರಿಗೆ ಅಂಚಿನಿಂದ ಸುಲಿದು ಬರುತ್ತಿದ್ದವು. ಪೋಲರೈಸ್ಡ್ ಎಂಬುದು ಬಂದಾಗ ರಸ್ತೆಯ ಝಳಪು ಕಡಿಮೆಯಾಯಿತು, ಆದರೆ ಮೊಬೈಲನ್ನು ಅಡ್ಡ ಹಿಡಿದರೆ ಪರದೆಯೇ ಕಪ್ಪು. ಒಳಮೈಗೂ ಹೊಳಪು ತಡೆಯುವ ಲೇಪ ಬಂದ ಮೇಲೆ ಕಣ್ಣಿನ ಬಿಂಬವೂ ನಿಂತಿತು. ನನ್ನ ಕಣ್ಣನ್ನು ನಾನೂ ಮರೆಯುವ ಅನುಕೂಲವಾಯಿತು.

ಇದನ್ನೆಲ್ಲ ನಾನು ನೆನೆಸುತ್ತ ಕೂತಿರುವಾಗ ಮಗಳು ಒಂದು ಫೋಟೊವನ್ನು ಮೊಬೈಲಿನಲ್ಲಿ ಸೆರೆಹಿಡಿದು, ದೊಡ್ಡದು ಮಾಡಿ ಕೂಗಿದಳು. “ಏ ಮಮ್ಮಿ, ಇಲ್ಲಿ ನೋಡ, ಪಪ್ಪಾ!”

ನಮ್ಮ ಮನೆಯ ಫೋಟೊಗ್ರಾಫರ್ ಅವರೇ ಆದ್ದರಿಂದ ಆಲ್ಬಮಿನಲ್ಲಿ ಅವರು ಎಲ್ಲೂ ಇಲ್ಲ ಎಂದುಕೊಂಡಿದ್ದೆವು. ಎಲ್ಲದರಲ್ಲೂ ಇದ್ದರು, ನನ್ನ ಗಾಗಲಿನಲ್ಲಿ ಬಿಂಬವಾಗಿ. ಬೆಳ್ಳಿ ಗಾಜಿನಲ್ಲಿ ಕಡ್ಡಿಯಂಥ ಹುಡುಗ, ಕಣ್ಣಿಗೆ ಕ್ಯಾಮೆರಾ. ನೀಲಿಯಲ್ಲಿ ಕಂಕುಳಲ್ಲಿ ಮಗಳು, ಒಂದೇ ಕೈಯಲ್ಲಿ ಕ್ಯಾಮೆರಾ. ಕಿತ್ತಳೆಯ ಹೊತ್ತಿಗೆ ತಲೆಗೂದಲು ಹೋಗಿ ಹೊಟ್ಟೆ ಬಂದಿತ್ತು. ಸಾಸಿವೆ ಕಾಳಿನಷ್ಟು ಮನುಷ್ಯ, ಪ್ರತಿ ಸಲವೂ ನನ್ನ ಕಡೆಗೇ ಬಾಗಿ ನಿಂತಿದ್ದ.

ಮರುದಿನ ನಾನೂ ಗಂಡನೂ ಮದುವೆಗೆಂದು ಹೊಸ ಗಾಗಲ್ ಕೊಳ್ಳಲು ಬರ್ಡಿಗೆ ಹೋದೆವು. ನಾನು ಮರ್ಕ್ಯುರಿ ಕೇಳಿದ್ದಕ್ಕೆ ಅಂಗಡಿಯವನು, ಈಗ ಅದನ್ನು ಯಾರು ಕೊಳ್ಳುತ್ತಾರೆ ಎಂದು ನಕ್ಕ. “ಫುಲ್ ಮರ್ಕ್ಯುರಿ ಅಬ್ ಕೌನ್ ಲೇತಾ ಹೈ ಆಂಟಿ? ಯೇ ಲೈಟ್ ವಾಲಾ ದೇಖೋ.” ಅವನು ಮುಂದಿಟ್ಟದ್ದು ತಿಳಿ ಚಹಾದ ಬಣ್ಣದ್ದು. ಹಾಕಿಕೊಂಡರೆ ಕಣ್ಣು ಬರೋಬರ್ ಕಾಣುತ್ತಿತ್ತು. ಈಗ ಎಲ್ಲರಿಗೂ ಇಂಥದ್ದೇ ಬೇಕಂತೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗಂಡನನ್ನು ಕೇಳಿಬಿಟ್ಟೆ.

“ಖರೇ ಹೇಳ್ರಿ. ಮೊದಲನೇ ಗಾಗಲ್ ತಂದ್ರಲ್ಲ, ನನ್ನ ಕಣ್ಣು ಮುಚ್ಚಾಕ ತಂದಿದ್ರೇನು?”

“ಮುಚ್ಚಾಕ? ಹುಚ್ಚಿ ಅದೀ ಏನ?” ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಬಿಸಿಲಾಗ ನನ್ನ ಹಿಂದ ಕುಂತಾಗ ನೀ ಎಡಗಣ್ಣು ಗಟ್ಟಿ ಮುಚ್ಚಕೋತಿದ್ದಿ. ಸ್ಕೂಟರಿನ ಕನ್ನಡ್ಯಾಗ ದಿನಾ ಕಾಣತಿತ್ತು. ತ್ರಾಸ ಆಗತೈತಿ ಅಂತ ತಂದೆ.” ನನ್ನ ಕೈಯಲ್ಲಿದ್ದ ಗಾಗಲಿನ ಕಡೆ ನೋಡಿ ಮತ್ತೆ ಹೇಳಿದರು. “ಎರಡನೇದು ಮಾತ್ರ ಬಿಸಿಲಿಗಲ್ಲ. ನೀ ಅತ್ತೆಲ್ಲ, ಅದಕ್ಕ ತಂದೆ. ಯಾಕ ಅಳತೀ ಅಂತ ಅವತ್ತ ಕೇಳಬೇಕಿತ್ತು. ಅಂಗಡಿಗೆ ಓಡೋದು ಸರಳ ಅನಸ್ತು.”

ನನಗೆ ಸಿಟ್ಟು ಬಂತು. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ. ಒಂದು ಸಾಲಿನ ಪ್ರಶ್ನೆಗೆ ಮೂವತ್ತು ವರ್ಷ ಕಾದಿದ್ದೆ. ಸಿಟ್ಟಿನಲ್ಲೇ ಆ ತಿಳಿ ಚಹಾದ ಬಣ್ಣದ್ದನ್ನು ಮೂಗಿಗೇರಿಸಿ ಹೊರಗೆ ಬಂದು, “ತಗೀರಿ ಫೋಟೊ” ಅಂದೆ.

ತೆಗೆದರು. ನೋಡಿದೆ. ಎರಡೂ ಕಣ್ಣು ಇದ್ದವು, ಒಂದು ಮೊಬೈಲಿನ ಕಡೆ, ಇನ್ನೊಂದು ರಸ್ತೆಯ ಆಟೋಗಳ ಕಡೆ. ನಾನು ಹೆದರಿದಷ್ಟೇನೂ ಕೆಟ್ಟದಾಗಿರಲಿಲ್ಲ. ಆದರೆ ಗಾಜಿನಲ್ಲಿ ಎಷ್ಟು ಹುಡುಕಿದರೂ ಅವರು ಸಿಗಲಿಲ್ಲ. ಅದು ಸರಿಬರಲಿಲ್ಲ. ಅಂಗಡಿಯವನನ್ನು ಕರೆದು ಮೊಬೈಲ್ ಕೊಟ್ಟೆ, ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

“ಎತ್ತ ನೋಡಲ್ರಿ?” ಎಂದು ಕೇಳಿದೆ.

ನನ್ನ ಬಲಕ್ಕೆ ನಿಂತಿದ್ದವರು ಸುತ್ತಿಕೊಂಡು ಎಡಕ್ಕೆ ಬಂದರು. “ನೀ ಮುಂದ ನೋಡು. ಎಡಗಣ್ಣು ಹೆಂಗೂ ನನ್ನ ಕಡೆ ಬರತೈತಿ.”

ಮಗಳು ಪರದೆಗೆ ಆರಿಸಿದ ಆ ಫೋಟೊದಲ್ಲಿ ಅದು ಅವರ ಕಡೆಗೇ ಬಂದಿದೆ.