ಗೋದಾಮಿನ ಮಗ್ಗುಲ ಮಣ್ಣು

ನಮ್ಮ ನಡುಗಡ್ಡೆಯ ಮಣ್ಣಿನಲ್ಲಿ ವಿಷ ಇದೆಯೋ ಇಲ್ಲವೋ ಎಂದು ನೋಡಲು ಸರ್ಕಾರ ದುಡ್ಡು ಕೊಟ್ಟಿತು. ನೋಡಲು ಮಾತ್ರ, ತೆಗೆಯಲು ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಹೋದರೆ ಸಿಟ್ಟಿಗೆ ನನ್ನ ಬಾಯಿ ಕೆಡುತ್ತದೆ.

ಅಮ್ಮತ್ತಿಯಿಂದ ಇಳಿದು ಬಂದರೆ, ಹೊಳೆ ಎರಡು ಕವಲಾಗುವ ಕಡೆ ನಮ್ಮ ನಾಲ್ಕು ಮನೆಗಳಿವೆ. ಸುತ್ತ ನೀರು, ನಡುವೆ ಕಾಫಿ. ದಡಕ್ಕೆ ಹೋಗಲು ತೆಪ್ಪವೇ ಗತಿ. ಹಿಂದೆ ಇದೆಲ್ಲ ಒಂದೇ ಎಸ್ಟೇಟಂತೆ. ಗಿಡಕ್ಕೆ ಹೊಡೆಯುವ ಮದ್ದಿನ ಗೋದಾಮು ದಿಬ್ಬದ ಮೇಲಿತ್ತು. ಎಸ್ಟೇಟಿನವರು ಜಾಗ ಮಾರಿಕೊಂಡು ಹೋದರು, ಮದ್ದಿನ ಡ್ರಮ್ಮುಗಳನ್ನು ನಮ್ಮ ತಲೆಗೆ ಕಟ್ಟಿ ಹೋದರು. ದೊಡ್ಡ ಮಳೆ ಬಂದ ವರ್ಷ ಗೋಡೆ ಕುಸಿಯಿತು, ತುಕ್ಕು ಹಿಡಿದ ಡ್ರಮ್ಮುಗಳು ಬಾಯಿಬಿಟ್ಟವು. ದಿಬ್ಬದ ಕೆಳಗೇ ನಮ್ಮ ಬಾವಿ, ನಾಲ್ಕೂ ಮನೆಗೆ ಅದೊಂದೇ. ಅಂದಿನಿಂದ ನೀರು ಕಾಯಿಸಿದರೆ ಒಂದು ಕಮಟು ವಾಸನೆ. ಕಾಫಿ ಪುಡಿ ಎಷ್ಟು ಹಾಕಿದರೂ ಅದು ಅಡಗುವುದಿಲ್ಲ.

ಮಣ್ಣಿನಲ್ಲಿ ವಿಷ ಇದೆ ಎಂದು ವರದಿ ಬಂದರೆ ದಡದಿಂದ ಕುಡಿಯುವ ನೀರಿನ ಪೈಪು ಎಳೆಸಿಕೊಡುತ್ತೇವೆ ಎಂದಿದ್ದರು. ನನಗೆ ಬೇಕಾಗಿದ್ದದ್ದು ಆ ಪೈಪು, ಬೇರೇನೂ ಅಲ್ಲ.

ಪರೀಕ್ಷೆಗೆ ಮಣ್ಣು ತೆಗೆಯಬೇಕಾದ ಅಧಿಕಾರಿ ಜೀಪಿನಲ್ಲಿ ದಡದವರೆಗೆ ಬಂದ. ಹೊಳೆ ಕೆಂಪಗೆ ತುಂಬಿತ್ತು. ತೆಪ್ಪ ನೋಡಿದ, ಹೊಳೆ ನೋಡಿದ, ತನ್ನ ಬೂಟು ನೋಡಿದ.

“ನಂಗೆ ಈಜು ಬರಲ್ಲ ಕಣ್ರೀ. ನೀವು ಕಾಫಿಯವರು, ಮಣ್ಣು ತೆಗೆಯೋದೇನು ನಿಮಗೆ ಹೊಸದಾ? ನೀವೇ ತುಂಬಿ ಕೊಟ್ಟುಬಿಡಿ,” ಎಂದು ಬಟ್ಟೆಯ ಚೀಲ ಕೈಗಿತ್ತು ಹೊರಟ. ನಡುಗಡ್ಡೆಗೆಂದು ಬಂದ ದುಡ್ಡು ನಡುಗಡ್ಡೆಗೆ ಕಾಲಿಡದೆಯೇ ಖರ್ಚಾಯಿತು.

ಆ ಚೀಲ ಇಸಿದುಕೊಂಡವರು ನನ್ನ ಗಂಡನ ಚಿಕ್ಕಪ್ಪ. ನಾನು ಅವರನ್ನು ಮಾವ ಎನ್ನುತ್ತೇನೆ. ಬಿಟ್ಟಂಗಾಲದ ಕಡೆ ಒಂದು ಎಸ್ಟೇಟಿನಲ್ಲಿ ಆಯುಷ್ಯವೆಲ್ಲ ಲೆಕ್ಕ ಬರೆಯುವ ರೈಟರಾಗಿ ಆಳುಗಳ ಮೇಲೆ, ಪಿಕ್ಕಿಂಗಿನ ಮೇಲೆ, ಗೊಬ್ಬರದ ಮೇಲೆ ಕಣ್ಣಿಟ್ಟಿದ್ದವರು. ಕೆಲಸ ಬಿಟ್ಟು ಬಂದರೂ ಕಣ್ಣಿಡುವುದು ಬಿಟ್ಟಿರಲಿಲ್ಲ. ಅಂಗಳದಲ್ಲಿ ನಾನು ಪೊರಕೆ ಹಿಡಿದರೂ ಮೇಸ್ತ್ರಿಯ ಹಾಗೆ ಬಂದು ನಿಲ್ಲುತ್ತಿದ್ದರು.

ಕಾಫಿ ಮಣ್ಣನ್ನು ಪರೀಕ್ಷೆಗೆ ಕಳಿಸಲು ಒಂದು ಕ್ರಮವಿದೆ. ತರಗೆಲೆ ಸರಿಸಬೇಕು, ತೋಟದ ಮೂಲೆಮೂಲೆಯಿಂದ ಒಂದೊಂದು ಹಿಡಿ ಅಗೆಯಬೇಕು, ಎಲ್ಲವನ್ನೂ ಬೆರೆಸಿ ಹರಡಿ, ಪಾಲು ಮಾಡಿ, ಕೊನೆಗೆ ಒಂದು ಪಾಲನ್ನಷ್ಟೇ ಉಳಿಸಿಕೊಳ್ಳಬೇಕು. ಗೊಬ್ಬರದ ಗುಂಡಿ, ಚರಂಡಿ, ಗೋದಾಮು ಇವುಗಳ ಹತ್ತಿರ ಮಾತ್ರ ಗುದ್ದಲಿ ಹಾಕಬಾರದು. ಇಡೀ ತೋಟಕ್ಕೆ ಯಾವ ಗೊಬ್ಬರ ಬೇಕೆಂದು ತಿಳಿಯಲು ಇದು ಸರಿಯಾದ ಕ್ರಮವೇ. ಮಾವ ಅದನ್ನೇ ಮಾಡಿದರು, ಒಂದು ಕೂದಲೂ ಆಚೀಚೆ ಆಗದಂತೆ.

“ಮಾವ, ಗೋಡೌನ್ ತಾವ ತೆಗೀರಿ. ವಿಷ ಇರೋದು ಅಲ್ಲಿ,” ಎಂದೆ.

“ಅಲ್ಲಿ ತೆಗಿಲಿಕ್ಕಿಲ್ಲ ಮಾರಾಯ್ತಿ. ಅಲ್ಲಿದ್ದು ಸೇರಿಸಿದ್ರೆ ಸ್ಯಾಂಪಲ್ಲೇ ಹಾಳಾಗ್ತದೆ. ನೀನು ಕುಶಾಲನಗರದ ರಾಗಿ ಹೊಲದವಳು, ಕಾಫಿ ಮಣ್ಣಿಂದು ನಿಂಗೆ ಎಂತ ಗೊತ್ತುಂಟು?”

“ಹಾಳಾಗಿರೋದನ್ನ ತೋರಿಸೋಕೆ ತಾನೇ ತೆಗೀತಿರೋದು!”

ಅವರು ತಿರುಗಿಯೂ ನೋಡಲಿಲ್ಲ. ಹೆಣ್ಣು ನೋಡಲು ಬರುವವರಿಗೆ ಮನೆ ಗುಡಿಸಿಟ್ಟ ಹಾಗೆ ಮಣ್ಣಿನಿಂದ ಬೇರು, ಕಲ್ಲು ಎಲ್ಲ ಆರಿಸಿ, ನೆರಳಿನಲ್ಲಿ ಒಣಗಿಸಿ, ಚೀಲದ ಬಾಯಿ ಕಟ್ಟಿ ಕಳಿಸಿದರು. ನನ್ನ ಗಂಡ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಚಿಕ್ಕಪ್ಪನ ಎದುರು ಅವನಿಗೆ ಎಂದೂ ಬಾಯಿ ಬಂದದ್ದಿಲ್ಲ.

ವರದಿ ಬಂತು. ವಿಷದ ಅಂಶ ಕಂಡುಬಂದಿಲ್ಲ, ಮಣ್ಣು ಸ್ವಲ್ಪ ಹುಳಿ, ಸುಣ್ಣ ಹಾಕಿ. ಮಾವ ಅದನ್ನು ನಾಲ್ಕೂ ಮನೆಗೆ ಓದಿ ಹೇಳಿದರು. ಮಗ ಪರೀಕ್ಷೆ ಪಾಸಾಗಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಬಾವಿಗೆ ಹೊಸ ಹಗ್ಗ ತಂದು ಕಟ್ಟಿದರು. ಪೈಪಿನ ಮಾತು ಅಲ್ಲಿಗೆ ಮುಗಿಯಿತು.

ನನಗೆ ಅವರ ಮೇಲೆ ಹುಟ್ಟಿದ್ದು ದ್ವೇಷವೇ, ಅದಕ್ಕೆ ಬೇರೆ ಹೆಸರು ಕೊಡಲಾರೆ. ದಿನಾ ತೆಪ್ಪದಲ್ಲಿ ದಾಟಿ, ದಡದ ನಲ್ಲಿಯಿಂದ ಕ್ಯಾನು ತುಂಬಿ ತರತೊಡಗಿದೆ. ಕ್ಯಾನು ಹೊತ್ತು ನಾನು ಮೇಲೆ ಬರುವ ಹೊತ್ತಿಗೇ ಅವರು ಬಾವಿಕಟ್ಟೆಗೆ ಬಂದು, ಒಂದು ಚೊಂಬು ಸೇದಿ, ನನ್ನ ಮುಖ ನೋಡಿಕೊಂಡು ಗಟಗಟ ಕುಡಿಯುತ್ತಿದ್ದರು. ಕುಡಿದು ಸಾಯಲಿ ಎಂದುಕೊಳ್ಳುತ್ತಿದ್ದೆ. ಒಂದು ಸಲ ಗಟ್ಟಿಯಾಗಿಯೇ ಅಂದೆ. ಕೇಳಿಸಿತು, ನಕ್ಕರು.

ಹೀಗಿರುವಾಗ ಒಂದು ಬೆಳಿಗ್ಗೆ ಅವರ ಹೆಂಡತಿ ಖಾಲಿ ಕ್ಯಾನೊಂದನ್ನು ತಂದು ತೆಪ್ಪದಲ್ಲಿ ನನ್ನ ಕ್ಯಾನಿನ ಪಕ್ಕ ಇಟ್ಟರು.

“ನಂಗೂ ಒಂದು ತಾ. ಈ ನೀರು ಕುಡಿದ್ರೆ ಹೊಟ್ಟೆ ಉರೀತದೆ. ಅವರಿಗೂ ಉರೀತದೆ, ಹೇಳೋದಿಲ್ಲ.”

ಮಾವ ಬಾವಿಕಟ್ಟೆಯಿಂದ ಎಲ್ಲ ನೋಡುತ್ತಿದ್ದರು. ಚೊಂಬು ಕೈಯಲ್ಲೇ ಇತ್ತು.

ಮಾರನೆಯ ದಿನ ಅವರೇ ದಿಬ್ಬ ಹತ್ತಿ, ಡ್ರಮ್ಮುಗಳ ಬುಡದಿಂದಲೇ ಮಣ್ಣು ಅಗೆದು, ಕೈಯಲ್ಲೇ ಚೀಲಕ್ಕೆ ತುಂಬಿ, ಹೊಳೆ ದಾಟಿ ಮಣ್ಣು ಪರೀಕ್ಷೆಯ ಕಚೇರಿಗೆ ಬಸ್ಸು ಹಿಡಿದರು. ಸಂಜೆ ಅದೇ ಚೀಲ ಹೊತ್ತು ವಾಪಸು ಬಂದರು. ನಿಮ್ಮ ನಡುಗಡ್ಡೆಯ ಪರೀಕ್ಷೆ ಆಗಿದೆ, ದುಡ್ಡು ಮುಗಿದಿದೆ, ಇನ್ನೊಂದು ಸಲ ಮಾಡಲು ಬರುವುದಿಲ್ಲ ಎಂದರಂತೆ. ಚೀಲವನ್ನು ಅಲ್ಲೇ ಬಿಟ್ಟು ಬರಲೂ ಬಿಡಲಿಲ್ಲವಂತೆ. ವಿಷ ಇರಬಹುದು, ಕಚೇರಿಯಲ್ಲಿ ಇಡಲಾಗದು ಎಂದರಂತೆ!

ಅಂಗಳದಲ್ಲಿ ಚೀಲ ಹಿಡಿದು ನಿಂತಿದ್ದರು.

“ಇದನ್ನ ಎಲ್ಲಿಗೆ ಹಾಕೋದು?”

ಈ ಮನೆಗೆ ಬಂದಾಗಿನಿಂದ ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನನ್ನ ಮನಸ್ಸು ಒಂದಿಷ್ಟೂ ಕರಗಲಿಲ್ಲ.

“ತಂದ ಜಾಗಕ್ಕೇ ಹಾಕಿ. ಹೊಳೆಗೆ ಹಾಕ್ತೀರಾ? ನನ್ನ ಒಲೆಗೆ ಹಾಕ್ತೀರಾ?”

ದಿಬ್ಬ ಹತ್ತಿ ಸುರಿದರು. ಸುರಿದು ಅಲ್ಲಿಂದಲೇ ಕೂಗಿದರು, ಕೈ ತೊಳೆಯಬೇಕು, ಕ್ಯಾನಿನ ನೀರು ಒಂದು ಚೊಂಬು ತಾ ಎಂದು. ಬಾವಿ ಅವರ ಕಾಲ ಕೆಳಗೇ ಇತ್ತು, ಹೊಸ ಹಗ್ಗವೂ ಇತ್ತು. ತೆಗೆದುಕೊಂಡು ಹೋಗಿ ಅವರ ಕೈ ಮೇಲೆ ಸುರಿದೆ. ಆ ನೀರು ಅವರ ಬೆರಳುಗಳಿಂದ ಇಳಿದು, ದಿಬ್ಬದ ಇಳಿಜಾರಿನಲ್ಲಿ ದಾರಿ ಮಾಡಿಕೊಂಡು, ಬಾವಿಯ ಕಡೆಗೇ ಹರಿಯಿತು.